ತಲೆಯೆಣಿಕೆಯ ಚರಿತ್ರೆ

ಯಾದಗಿರಿ ಜಿಲ್ಲೆಯ ಹುಣಸಗಿ ಬಯಲಿನಲ್ಲಿ ಇಸಾಂಪುರವೆಂಬ ಸಣ್ಣ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಲ್ಲಿ ಉತ್ಖನನ ನಡೆಸಿದಾಗ, ಸುಣ್ಣಕಲ್ಲಿನ ಚಪ್ಪಡಿಗಳನ್ನು ಸೀಳಿ ಕೈಗೊಡಲಿ ಮಾಡುತ್ತಿದ್ದ ಆದಿಮಾನವರ ಕಮ್ಮಟವೊಂದು ಬೆಳಕಿಗೆ ಬಂತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂಬುದು ಅಂದಾಜು. ಅವರನ್ನು ನಮ್ಮ ಹಿರಿಯರೆಂದು ಹೆಮ್ಮೆಪಡುವುದು ಸುಲಭ. ಆದರೆ ಇಂದಿನ ಮಾನವ ಪ್ರಭೇದ ಆಫ್ರಿಕದಲ್ಲಿ ಮೈದಳೆದದ್ದೇ ಸುಮಾರು 3 ಲಕ್ಷ ವರ್ಷಗಳ ಈಚೆಗೆ. ಆ ಬಗೆಯ ಕೈಗೊಡಲಿಯನ್ನು ಹತ್ತು ಲಕ್ಷ ವರ್ಷಕ್ಕೂ ಮಿಕ್ಕಿ ಕೆತ್ತುತ್ತ ಬಂದ ಜನ ಕೊನೆಗೆ ಇಲ್ಲವಾದರು. ಬಹುಕಾಲ ಬಾಳಿದ್ದೇ ಮುಂದೆಯೂ ಬಾಳುವ ಭರವಸೆಯಾಗದು.

ಉಳಿವು ಎಷ್ಟು ಅತಂತ್ರವೆಂಬುದಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1871ರ ಎಣಿಕೆಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50.55 ಲಕ್ಷ. ಹತ್ತು ವರ್ಷಗಳ ತರುವಾಯ ಅದು 41.86 ಲಕ್ಷ! ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ. 1876ರಿಂದ 1878ರವರೆಗೆ ಹಸಿವೂ ಅದರ ಬೆನ್ನಿಗೆ ರೋಗಗಳೂ ಊರೂರುಗಳನ್ನು ಬರಿದುಮಾಡಿದವು. ಮಳೆ ತಪ್ಪಿದ್ದು ನಿಜ. ಆದರೆ ಆ ಹೊತ್ತಿನಲ್ಲೂ ಭಾರತದಿಂದ ಧಾನ್ಯದ ರಫ್ತು ನಿಂತಿರಲಿಲ್ಲ. ಮದರಾಸು ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲ್ ಬರಪರಿಹಾರದ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯಕ್ಕೆ ಇಳಿಸಿದ್ದ. ಜನ ಹೆಚ್ಚಾದುದರಿಂದ ಬರ ಬಂತೆನ್ನುವ ಮಾಲ್ಥಸನ ಶಿಷ್ಯರಿಗೆ ಈ ಲೆಕ್ಕ ಬೇಕಾಗಿರಲಿಲ್ಲ. ಸತ್ತವರಿಗೆ ಇಲ್ಲದೆ ಹೋದದ್ದು ಕೊಳ್ಳುವ ಶಕ್ತಿ.

ಅದೇ ಮೈಸೂರು 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಸರ್ಕಾರವೇ ಮುಂದಾಗಿ ಇಂಥ ಕೇಂದ್ರ ತೆರೆದದ್ದು ಜಗತ್ತಿನಲ್ಲಿಯೇ ಮೊದಲೆಂದು ಹೇಳುವುದುಂಟು. ಅರ್ಧ ಶತಮಾನದ ಹಿಂದೆ ಜನರನ್ನು ಕಳೆದುಕೊಂಡ ನಾಡು ಜನರನ್ನು ಮಿತಗೊಳಿಸಲು ಹೊರಟಿತ್ತು.

ಈಗ ಚಕ್ರ ಇನ್ನೊಂದು ಸುತ್ತು ತಿರುಗಿದೆ. 2022ರಲ್ಲಿ ಜಗತ್ತಿನ ಜನಸಂಖ್ಯೆ 800 ಕೋಟಿ ಮುಟ್ಟಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ತಲೆಮಾರು ತನ್ನನ್ನು ತುಂಬಿಕೊಳ್ಳಲು 2.1 ಬೇಕು. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಜಗತ್ತಿನ ಸಂಖ್ಯೆಯೂ ಈ ಶತಮಾನದಲ್ಲಿಯೇ 1,030 ಕೋಟಿಯ ಆಸುಪಾಸಿನಲ್ಲಿ ತುದಿ ಮುಟ್ಟಿ ಇಳಿಯತೊಡಗುತ್ತದೆ.

ಹಾಗಿದ್ದರೆ ಕಾಮೋಠೆಯಲ್ಲಿ ಕಟ್ಟಡಗಳು ಏಳುತ್ತಲೇ ಇರುವುದೇಕೆ? ಇಲ್ಲಿ ಬೆಳೆದದ್ದು ತೊಟ್ಟಿಲಿನಿಂದಲ್ಲ, ವಲಸೆಯಿಂದ. 1970ರಲ್ಲಿ ಸಿಡ್ಕೊ ಸ್ಥಾಪನೆಯಾದ ಮೇಲೆ ನವಿಮುಂಬಯಿಯ ಗದ್ದೆ, ಉಪ್ಪುನೆಲಗಳು ಬಡಾವಣೆಗಳಾದವು. ಇನ್ನೊಂದು ಕಡೆ ಉಡುಪಿ ಜಿಲ್ಲೆಯ ಜನಸಂಖ್ಯೆ 2001–2011ರಲ್ಲಿ ಏರಿದ್ದು ಶೇ. 6ಕ್ಕಿಂತಲೂ ಕಡಿಮೆ, 2011ರಲ್ಲಿ ಅಲ್ಲಿ 1,000 ಗಂಡಸರಿಗೆ 1,094 ಹೆಂಗಸರಿದ್ದರು. ಗಂಡಸರು ಎಲ್ಲಿದ್ದಾರೆಂದು ಮುಂಬಯಿಯ ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ಮುಂದಿನ ಜನಗಣತಿಯ ಆಧಾರದಿನ 2027ರ ಮಾರ್ಚ್ 1. ಎಣಿಕೆಯವರು ಮಾತೃಭಾಷೆಯನ್ನೂ ಕೇಳುತ್ತಾರೆ. ಮನೆಯಲ್ಲಿ ಕನ್ನಡ ಕೇಳಿ, ಮೆಟ್ಟಿಲಿಳಿಯುತ್ತಲೇ ಹಿಂದಿ, ಮರಾಠಿಗೆ ಹೊರಳುವ ನಮ್ಮ ಮಕ್ಕಳ ಹೆಸರಿನ ಮುಂದೆ ಆ ಅಂಕಣದಲ್ಲಿ ಏನು ಬರೆಸಬೇಕೆಂಬುದನ್ನು ಪ್ರತಿ ಮನೆಯೂ ಅಂದು ಬಾಗಿಲಲ್ಲಿ ನಿಂತೇ ಹೇಳಬೇಕಾಗುತ್ತದೆ.