ತಟ್ಟೆಯ ವ್ಯಾಪಾರ, ಕಲಾವಿದೆಯ ಯೋಗಕ್ಷೇಮ

ಊರಿನಿಂದ ಕಲಾವಿದರನ್ನು ಕರೆಸಿ ಕಾರ್ಯಕ್ರಮ ನಡೆಸುವ ನಮ್ಮಂಥ ಹೊರನಾಡ ಸಂಘಗಳು ಎರಡು ಕೆಲಸಗಳನ್ನು ಕಲಿಯಬೇಕಾಗುತ್ತದೆ. ಕಾರ್ಯಕ್ರಮವನ್ನು ಜನರಿಗೆ ತಲುಪಿಸುವುದು ಒಂದು. ಅದನ್ನು ನಡೆಸಿಕೊಡುವ ಕಲಾವಿದರ ಯೋಗಕ್ಷೇಮ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದು ಬಂದರೆ ಎರಡನೆಯದೂ ತಾನಾಗಿ ಬಂದೀತೆಂದು ನಾವು ಭಾವಿಸುವುದುಂಟು. ಹಾಗಲ್ಲವೆಂಬುದಕ್ಕೆ ಮೈಸೂರಿನಲ್ಲಿ ಕಣ್ಣುಮುಚ್ಚಿದ ಗೋಹರ್ ಜಾನ್ ಅವರ ಬಾಳೇ ಸಾಕ್ಷಿ.

1902ರ ನವೆಂಬರ್ ತಿಂಗಳು. ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಯಂತ್ರ ಹೂಡಿ ಕುಳಿತಿದ್ದರು. ಮೈಕು ಇಲ್ಲದ ಕಾಲವದು. ಕಹಳೆಯಂಥ ಕೊಳವೆಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು; ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಮೂರು ನಿಮಿಷದೊಳಗೆ ಹಿಡಿದಿಡಬೇಕಿತ್ತು. ಗೋಹರ್ ಜಾನ್ ಈ ಹೊಸ ವಿದ್ಯೆಯನ್ನು ಬಹುಬೇಗ ಕರಗತ ಮಾಡಿಕೊಂಡರು. ಹಾಡಿನ ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಅದು ಜಂಬವಲ್ಲ. ಮೂಲ ಅಚ್ಚುಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗುತ್ತಿದ್ದವು. ನಮ್ಮ ಭಾಷೆಗಳನ್ನರಿಯದ ಅಲ್ಲಿನ ಕೆಲಸಗಾರರಿಗೆ, ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲು ಅದೊಂದು ಗುರುತು.

ಸರಕನ್ನು ತಯಾರಿಸಿ ಮಾರುವ ವಿದ್ಯೆಯನ್ನು ಕಂಪನಿ ಹೀಗೆ ಹೆಜ್ಜೆಹೆಜ್ಜೆಗೂ ಕಲಿಯಿತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಎದ್ದಿತು. ಗೋಹರ್ ಅವರ ತಟ್ಟೆಗಳ ಸಂಖ್ಯೆ ಸುಮಾರು 600ಕ್ಕೆ ಏರಿತು. ಅವರ ಭಾವಚಿತ್ರ ಬೆಂಕಿಪೊಟ್ಟಣದ ಮೇಲೂ ಬಂತು.

ಆದರೆ ಕಲಾವಿದೆಯ ಪಾಲು? ಆ ಕಾಲದ ನಮ್ಮ ಗಾಯಕರಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಹಾಡಿದ್ದಕ್ಕೆ ಒಮ್ಮೆ ಕೊಡುವ ಸಂಭಾವನೆ ಮಾತ್ರ. ಅದೇ ಗೈಸ್‌ಬರ್ಗ್ ಅದೇ 1902ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕರುಸೊ ಎಂಬ ಗಾಯಕನಿಂದ 100 ಪೌಂಡಿಗೆ ಹತ್ತು ಹಾಡು ಹಾಡಿಸಿದ್ದರು. ಕರುಸೊ 1904ರಲ್ಲಿ ಅಮೆರಿಕದ ವಿಕ್ಟರ್ ಕಂಪನಿಯೊಡನೆ ಕರಾರು ಮಾಡಿಕೊಂಡು, ಮಾರಾಟವಾದ ತಟ್ಟೆಗಳ ಮೇಲೆ ಗೌರವಧನ ಪಡೆದ. ಗೋಹರ್ ಅವರ ಗಳಿಕೆಯೇನೂ ಕಡಮೆಯಿರಲಿಲ್ಲ. ಆದರೆ ಅದನ್ನು ಕಾಯುವವರಿರಲಿಲ್ಲ. ವ್ಯವಹಾರ ನೋಡಿಕೊಳ್ಳುತ್ತಿದ್ದವರೊಡನೆಯೇ ಕೋರ್ಟು ಕಚೇರಿ ಹತ್ತಬೇಕಾಯಿತು. ಸಂಪತ್ತು ಕರಗಿತು.

1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಆಸ್ಥಾನ ಅವರಿಗೆ ಆಶ್ರಯವಿತ್ತಿತು. ತಿಂಗಳಿಗೆ 500 ರೂಪಾಯಿ ಸಂಬಳ. 1930ರ ಜನವರಿ 17ರಂದು ಅವರು ಮೈಸೂರಿನಲ್ಲಿ ತೀರಿಕೊಂಡರು. ಹಾಡುವವರಿಗೂ ತಮ್ಮ ಹಾಡಿಕೆಯ ಮೇಲೆ ಹಕ್ಕುಂಟೆಂದು ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ ಒಪ್ಪಿದ್ದು 1994ರ ತಿದ್ದುಪಡಿಯಲ್ಲಿ. ವಾಣಿಜ್ಯ ಬಳಕೆಯ ಆದಾಯದಲ್ಲಿ ಪಾಲುಂಟೆಂದು ಸ್ಪಷ್ಟವಾಗಿ ಹೇಳಿದ್ದು 2012ರಲ್ಲಿ.

ಕಂಪನಿಯನ್ನು ಮಾತ್ರ ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ನಮ್ಮ ಸಂಘಕ್ಕೆ ಊರಿನಿಂದ ಹಿರಿಯ ಗಾಯಕರೊಬ್ಬರು ಬಂದಿದ್ದರು. ಸಭಾಂಗಣ ತುಂಬಿತ್ತು. ಶಾಲು ಹೊದಿಸಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು, ಹೊಗಳಿ ಭಾಷಣ ಮಾಡಿದೆವು. ಅವರ ಹಾಡುಗಳನ್ನು ಕ್ಯಾಸೆಟ್ಟಿಗಿಳಿಸಿ ಕಟ್ಟಡ ನಿಧಿಗಾಗಿ ಮಾರಿದೆವು. ಅವರನ್ನೊಂದು ಮಾತು ಕೇಳಲಿಲ್ಲ. ಮರುವರ್ಷ ಬಂದವರು ನಮ್ಮ ಮೇಜಿನ ಬಳಿ ನಿಂತು, ಜೇಬಿನಿಂದ ದುಡ್ಡು ತೆಗೆದು, ತಮ್ಮದೇ ಹಾಡಿನ ಕ್ಯಾಸೆಟ್ಟು ಕೊಂಡರು. "ಮನೆಯಲ್ಲಿ ಒಂದೂ ಇಲ್ಲ ನೋಡಿ," ಎಂದರು. ಅಷ್ಟೇ. ನಾವು ತಲೆತಗ್ಗಿಸಿದೆವು.

ಅಂದಿನಿಂದ ನಮ್ಮ ಸಂಘದಲ್ಲೊಂದು ಕಟ್ಟುಪಾಡಿದೆ. ಸಂಭಾವನೆ, ಪ್ರಯಾಣ, ವಸತಿ, ಧ್ವನಿಮುದ್ರಣದ ಒಪ್ಪಿಗೆ, ಈ ನಾಲ್ಕನ್ನೂ ಮೊದಲೇ ಕಾಗದದಲ್ಲಿ ಬರೆದು ಕಳುಹಿಸುತ್ತೇವೆ. ಈಗ ಮೊಬೈಲಿನಲ್ಲಿ ಹಾಡು ಹಿಡಿದು ಹತ್ತು ಕಡೆಗೆ ಕಳಿಸುವುದು ಕ್ಷಣದ ಕೆಲಸ. ಕಳಿಸುವ ಮುನ್ನ ಹಾಡಿದವರನ್ನು ಕೇಳಿ ಎಂದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ.