ರೈಲು ವೇಳಾಪಟ್ಟಿ ಮತ್ತು ನಿಲ್ದಾಣಗಳ ದಟ್ಟಣೆ: ಲೆಕ್ಕಾಚಾರ ಹೇಗೆ?

ಯಾವ ರೈಲು ಯಾವ ಊರಿನಲ್ಲಿ ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬುದನ್ನು ವೇಳಾಪಟ್ಟಿ ತಿಳಿಸುತ್ತದೆ. ಆ ಊರಿನ ನಿಲ್ದಾಣಕ್ಕೆ ಎಷ್ಟು ಸೌಕರ್ಯ ದೊರೆಯಬೇಕು ಎಂಬುದನ್ನು ಅಲ್ಲಿಂದ ಹೊರಡುವ ಪ್ರಯಾಣಿಕರ ಲೆಕ್ಕ ತೀರ್ಮಾನಿಸುತ್ತದೆ. ಈ ಲೆಕ್ಕ ವರ್ಷಕ್ಕೊಂದು ಮೊತ್ತವನ್ನು ನೀಡುತ್ತದೆಯೇ ಹೊರತು, ಒಂದು ಗಂಟೆಯಲ್ಲಿ ಪ್ಲಾಟ್‌ಫಾರಂ ಮೇಲೆ ಸೇರುವ ಜನಸಂದಣಿಯನ್ನು ಹೇಳುವುದಿಲ್ಲ. ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದ ಈ ವ್ಯತ್ಯಾಸ ಮಹತ್ವದ್ದು.

ವೇಳಾಪಟ್ಟಿಯ ಹಿನ್ನೆಲೆ

ರೈಲು ವೇಳಾಪಟ್ಟಿಗಳನ್ನು ಪುಸ್ತಕರೂಪದಲ್ಲಿ ಹೊರತರುವ ಪದ್ಧತಿಗೆ ಇಂಗ್ಲೆಂಡಿನ ಜಾರ್ಜ್ ಬ್ರ್ಯಾಡ್‌ಷಾ 1839ರಲ್ಲಿ ನಾಂದಿ ಹಾಡಿದರು. ಅದೇ ಹೆಸರನ್ನು ಹೊತ್ತ 'ನ್ಯೂಮನ್ಸ್ ಇಂಡಿಯನ್ ಬ್ರ್ಯಾಡ್‌ಷಾ' ಕೋಲ್ಕತ್ತದಿಂದ ಪ್ರಕಟವಾಗುತ್ತಿತ್ತು. ಒಂದೊಂದು ನಗರವೂ ತನ್ನದೇ ಸಮಯ ಪಾಲಿಸುತ್ತಿದ್ದ ಕಾಲದಲ್ಲಿ ಭಾರತದ ರೈಲುಗಳು ಮದ್ರಾಸ್ ಸಮಯವನ್ನು ಅನುಸರಿಸುತ್ತಿದ್ದವು. 1906ರಲ್ಲಿ ಭಾರತೀಯ ಪ್ರಮಾಣಿತ ಸಮಯ ಜಾರಿಗೆ ಬಂದಿತು.

ಭಾರತೀಯ ರೈಲ್ವೆಯ ಅಖಿಲ ಭಾರತ ವೇಳಾಪಟ್ಟಿಯ ಹೆಸರು 'ಟ್ರೇನ್ಸ್ ಅಟ್ ಎ ಗ್ಲಾನ್ಸ್'. ಬಹುಕಾಲ ಜುಲೈ 1ರಿಂದ ಜಾರಿಗೆ ಬರುತ್ತಿದ್ದ ಹೊಸ ವೇಳಾಪಟ್ಟಿ 2022ರಲ್ಲಿ ಅಕ್ಟೋಬರ್ 1ರಿಂದಲೂ, 2025ರಲ್ಲಿ ಜನವರಿ 1ರಿಂದಲೂ ಜಾರಿಗೆ ಬಂದಿತು. ಸಾರ್ವಜನಿಕರು ಇದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು.

ಪ್ರತಿ ವಲಯವೂ ತನ್ನ ವ್ಯಾಪ್ತಿಯ ವೇಳಾಪಟ್ಟಿಯನ್ನು ಸಿದ್ಧಪಡಿಸುತ್ತದೆ. ಕರ್ನಾಟಕದ ಬಹುಭಾಗ 2003ರಲ್ಲಿ ಆರಂಭವಾದ, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ನೈರುತ್ಯ ರೈಲ್ವೆಗೆ ಸೇರಿದೆ. ಕಾರವಾರ, ಉಡುಪಿಗಳ ಮೂಲಕ ಸಾಗುವ ಮಾರ್ಗ ಕೊಂಕಣ ರೈಲ್ವೆಯದು. ಮಳೆಗಾಲದಲ್ಲಿ ಗುಡ್ಡ ಕುಸಿತದ ಅಪಾಯವಿರುವುದರಿಂದ ಅಲ್ಲಿ ವೇಗ ತಗ್ಗಿಸಿ ಪ್ರತ್ಯೇಕ ವೇಳಾಪಟ್ಟಿ ಅನುಸರಿಸಲಾಗುತ್ತದೆ. 2025ರಲ್ಲಿ ಇದು ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಜಾರಿಯಲ್ಲಿತ್ತು.

ಸಾರ್ವಜನಿಕ ವೇಳಾಪಟ್ಟಿಯಲ್ಲದೆ ಸಿಬ್ಬಂದಿಯ ಬಳಕೆಗೆಂದು ಕಾರ್ಯನಿರ್ವಹಣಾ ವೇಳಾಪಟ್ಟಿಯೊಂದಿದೆ. ರೈಲು ನಿಲ್ಲದೆ ಹಾದುಹೋಗುವ ನಿಲ್ದಾಣಗಳ ಸಮಯ, ವೇಗದ ಮಿತಿ, ಹಳಿ ದುರಸ್ತಿಗೆಂದು ಕಾದಿರಿಸಿದ ಹೆಚ್ಚುವರಿ ನಿಮಿಷಗಳು ಅದರಲ್ಲಿರುತ್ತವೆ.

ನಿಲ್ದಾಣಗಳ ವರ್ಗೀಕರಣ

ಹಿಂದೆ ನಿಲ್ದಾಣಗಳನ್ನು ಮುಖ್ಯವಾಗಿ ಪ್ರಯಾಣಿಕರಿಂದ ಬರುವ ವರಮಾನದ ಮೇಲೆ ಎ-1ರಿಂದ ಎಫ್‌ವರೆಗೆ ವಿಂಗಡಿಸಲಾಗುತ್ತಿತ್ತು. 2017ರಲ್ಲಿ ಈ ಪದ್ಧತಿಯನ್ನು ಬದಲಿಸಿ, ವರಮಾನದ ಜೊತೆಗೆ ಪ್ರಯಾಣಿಕರ ಸಂಖ್ಯೆಯನ್ನೂ ಮಾನದಂಡವಾಗಿಸಲಾಯಿತು. ಅದರಂತೆ ನಿಲ್ದಾಣಗಳಲ್ಲಿ ಮೂರು ಗುಂಪುಗಳಿವೆ:

* ಉಪನಗರೇತರ ನಿಲ್ದಾಣಗಳು (ಎನ್‌ಎಸ್‌ಜಿ 1ರಿಂದ 6): ವರ್ಷಕ್ಕೆ 500 ಕೋಟಿ ರೂಪಾಯಿಗೂ ಅಧಿಕ ವರಮಾನ ಅಥವಾ 2 ಕೋಟಿಗೂ ಹೆಚ್ಚು ಪ್ರಯಾಣಿಕರಿದ್ದರೆ ಮೊದಲ ದರ್ಜೆ. 1 ಕೋಟಿ ರೂಪಾಯಿವರೆಗಿನ ವರಮಾನ, 10 ಲಕ್ಷದವರೆಗಿನ ಪ್ರಯಾಣಿಕರಿದ್ದರೆ ಕೊನೆಯ ದರ್ಜೆ.
* ಉಪನಗರ ನಿಲ್ದಾಣಗಳು (ಎಸ್‌ಜಿ 1ರಿಂದ 3): ಮುಂಬೈ, ಚೆನ್ನೈಗಳಂಥ ನಗರಗಳ ಲೋಕಲ್ ರೈಲು ನಿಲ್ದಾಣಗಳು. 3 ಕೋಟಿಗೂ ಹೆಚ್ಚು ಪ್ರಯಾಣಿಕರಿದ್ದರೆ ಅಥವಾ ವರಮಾನ 25 ಕೋಟಿ ರೂಪಾಯಿ ಮೀರಿದರೆ ಮೊದಲ ದರ್ಜೆ.
* ಹಾಲ್ಟ್ ನಿಲ್ದಾಣಗಳು (ಎಚ್‌ಜಿ 1ರಿಂದ 3): 3 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರಿದ್ದರೆ ಅಥವಾ ವರಮಾನ 50 ಲಕ್ಷ ರೂಪಾಯಿ ಮೀರಿದರೆ ಮೊದಲ ದರ್ಜೆ.

ಕುಡಿಯುವ ನೀರು, ಶೌಚಾಲಯ, ನೆರಳಿನ ಚಾವಣಿ, ಮೇಲ್ಸೇತುವೆ ಮುಂತಾದ ಸೌಕರ್ಯಗಳ ಪ್ರಮಾಣ ಈ ದರ್ಜೆಯನ್ನು ಅವಲಂಬಿಸಿದೆ.

ಲೆಕ್ಕಕ್ಕೆ ಬಾರದವರು

ಇಲ್ಲಿ ಪರಿಗಣಿಸುವುದು ನಿಲ್ದಾಣದಿಂದ ಪ್ರಯಾಣ ಆರಂಭಿಸುವವರನ್ನು ಮಾತ್ರ. ಮಾಸಿಕ ಪಾಸು ಹೊಂದಿದವರು ದಿನವೂ ಟಿಕೆಟ್ ಕೊಳ್ಳುವುದಿಲ್ಲವಾದ್ದರಿಂದ ಒಂದು ಪಾಸಿಗೆ ನಿಗದಿತ ಸಂಖ್ಯೆಯ ಪ್ರಯಾಣಗಳನ್ನು ಹಿಡಿಯಲಾಗುತ್ತದೆ. ಬಂದಿಳಿಯುವವರು, ಬೀಳ್ಕೊಡಲು ಬಂದವರು, ಟಿಕೆಟ್ ಇಲ್ಲದೆ ಸಂಚರಿಸುವವರು ಈ ಲೆಕ್ಕದಿಂದ ಹೊರಗುಳಿಯುತ್ತಾರೆ. ಹುಬ್ಬಳ್ಳಿಯಿಂದ ಹಾಸನಕ್ಕೆ ಒಂದೇ ಟಿಕೆಟ್ ಪಡೆದು ಅರಸೀಕೆರೆಯಲ್ಲಿ ರೈಲು ಬದಲಿಸುವವರು ಹುಬ್ಬಳ್ಳಿಯ ಪ್ರಯಾಣಿಕರಾಗುತ್ತಾರೆಯೇ ವಿನಾ ಅರಸೀಕೆರೆಯವರಲ್ಲ. ಅರಸೀಕೆರೆಯ ಬೆಂಚು, ನಲ್ಲಿ, ಶೌಚಾಲಯಗಳನ್ನು ಮಾತ್ರ ಅವರೂ ಬಳಸುತ್ತಾರೆ.

ಸಣ್ಣ ಊರುಗಳಿಗೆ ಈ ಲೆಕ್ಕ ಇನ್ನೊಂದು ಕಾರಣಕ್ಕೂ ಮುಖ್ಯ. ಎಕ್ಸ್‌ಪ್ರೆಸ್ ರೈಲುಗಳಿಗೆ ಹೊಸ ನಿಲುಗಡೆಯನ್ನು ಸಾಮಾನ್ಯವಾಗಿ ಪ್ರಾಯೋಗಿಕವಾಗಿ ನೀಡಿ, ಟಿಕೆಟ್ ಮಾರಾಟವನ್ನು ಪರಿಶೀಲಿಸಿದ ಬಳಿಕ ಮುಂದುವರಿಸುವ ತೀರ್ಮಾನ ಕೈಗೊಳ್ಳಲಾಗುತ್ತದೆ.

ಇತರ ದೇಶಗಳಲ್ಲಿ

ಬ್ರಿಟನ್‌ನಲ್ಲಿ ರೈಲು ಮತ್ತು ರಸ್ತೆ ನಿಯಂತ್ರಣ ಕಚೇರಿ ಪ್ರತಿ ವರ್ಷ ಪ್ರತಿ ನಿಲ್ದಾಣದ ಬಳಕೆಯ ಅಂದಾಜನ್ನು ಪ್ರಕಟಿಸುತ್ತದೆ. ಅಲ್ಲಿ ಒಳಬರುವವರನ್ನೂ ಹೊರಹೋಗುವವರನ್ನೂ ಎಣಿಸಿ, ರೈಲು ಬದಲಿಸುವವರನ್ನು ಬೇರೆಯಾಗಿ ತೋರಿಸಲಾಗುತ್ತದೆ. 2023-24ರಲ್ಲಿ ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣ 9.45 ಕೋಟಿ ಪ್ರವೇಶ-ನಿರ್ಗಮನಗಳೊಂದಿಗೆ ಮೊದಲ ಸ್ಥಾನದಲ್ಲಿತ್ತು. ವಿಶ್ವದ ಅತ್ಯಂತ ದಟ್ಟಣೆಯ ನಿಲ್ದಾಣವೆಂದು ಗಿನ್ನೆಸ್ ದಾಖಲೆಗೆ ಸೇರಿರುವುದು ಟೋಕಿಯೊದ ಶಿಂಜುಕು. ಅಲ್ಲಿ ಹಲವು ಸಂಸ್ಥೆಗಳ ರೈಲುಗಳು ಸೇರುತ್ತವೆ. ಅವುಗಳಲ್ಲೊಂದಾದ ಜೆಆರ್ ಈಸ್ಟ್, ರೈಲು ಹತ್ತುವವರ ಸಂಖ್ಯೆಯನ್ನಷ್ಟೇ ಪ್ರಕಟಿಸುತ್ತದೆ. ಹೀಗೆ ಎಣಿಕೆಯ ವಿಧಾನ ಬೇರೆಯಾಗಿರುವುದರಿಂದ ಎರಡು ದೇಶಗಳ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು.

ಗಂಟೆಯ ಲೆಕ್ಕದ ಅಗತ್ಯ

ವರ್ಷದ ಮೊತ್ತವನ್ನು 365ರಿಂದ ಭಾಗಿಸಿದರೆ ದೊರೆಯುವ ಸರಾಸರಿಯಲ್ಲಿ ಹಬ್ಬ, ಜಾತ್ರೆ, ಮಳೆಯ ದಿನಗಳು ಕರಗಿಹೋಗುತ್ತವೆ. ಮುಂಬೈಯ ಎಲ್ಫಿನ್‌ಸ್ಟನ್ ರೋಡ್ (ಈಗಿನ ಪ್ರಭಾದೇವಿ) ನಿಲ್ದಾಣದ ಮೇಲ್ಸೇತುವೆಯಲ್ಲಿ 2017ರ ಸೆಪ್ಟೆಂಬರ್ 29ರಂದು ಮಳೆಯ ನಡುವೆ ಉಂಟಾದ ಕಾಲ್ತುಳಿತ 23 ಜನರನ್ನು ಬಲಿ ಪಡೆಯಿತು. ಮಹಾಕುಂಭ ಮೇಳದ ಸಂದರ್ಭದಲ್ಲಿ, 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ನಿಲ್ದಾಣದಲ್ಲಿ 18 ಜನ ಅಸುನೀಗಿದರು. ಎರಡೂ ಕಡೆ ಅವಘಡ ನಡೆದದ್ದು ಮೆಟ್ಟಿಲುಗಳಲ್ಲಿ. ದಿನವಿಡೀ ಹರಡಿಕೊಂಡು ಬಂದರೆ ತೊಂದರೆಯಾಗದ ಜನಸಂಖ್ಯೆ ಕೆಲವೇ ನಿಮಿಷಗಳಲ್ಲಿ ಒಂದೆಡೆ ಸೇರಿದಾಗ ಅಪಾಯ ಎದುರಾಗುತ್ತದೆ. ರೈಲುಗಳು ತಡವಾಗಿ, ಎರಡು ಮೂರು ರೈಲುಗಳ ಪ್ರಯಾಣಿಕರು ಒಟ್ಟಿಗೆ ಕಾಯಬೇಕಾಗಿ ಬಂದಾಗ ವೇಳಾಪಟ್ಟಿ ಕಾಯ್ದಿದ್ದ ಅಂತರವೂ ಇಲ್ಲವಾಗುತ್ತದೆ.

ನವದೆಹಲಿ ದುರಂತದ ನಂತರ, 73 ನಿಲ್ದಾಣಗಳ ಹೊರಭಾಗದಲ್ಲಿ ಪ್ರಯಾಣಿಕರನ್ನು ತಡೆದು ಕೂರಿಸುವ ಶಾಶ್ವತ ಸ್ಥಳಗಳನ್ನು ನಿರ್ಮಿಸಿ, ರೈಲು ಬಂದಾಗ ಮಾತ್ರ ಪ್ಲಾಟ್‌ಫಾರಂಗೆ ಬಿಡುವ ಕ್ರಮವನ್ನು ರೈಲ್ವೆ ಸಚಿವಾಲಯ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು.