ಹಸುವಿನ ಹೊಟ್ಟೆಯ ಚಿನ್ನ, ನಮ್ಮ ಹಟ್ಟಿಯ ತಂತಿ

ಗೋಪೂಜೆ ಹತ್ತಿರ ಬಂತು, ಒಂದು ಹಳೇ ಸಂಗತಿ ನೆನಪು ಮಾಡ್ತೇನೆ.

2021ರ ದೀಪಾವಳಿ. ಶಿರಸಿ ತಾಲೂಕಿನ ಹೀಪನಹಳ್ಳಿಯ ಒಂದು ಮನೆಯಲ್ಲಿ ಗೋಪೂಜೆಗೆ ಹೂವಿನ ಹಾರದ ಜತೆ 20 ಗ್ರಾಂ ಚಿನ್ನದ ಸರವನ್ನೂ ಇಟ್ಟಿದ್ರು. ಆಮೇಲೆ ನೋಡಿದ್ರೆ ಸರ ಇಲ್ಲ! ಹೂವಿನ ಜತೆ ದನದ ಹೊಟ್ಟೆಗೆ ಹೋಗಿತ್ತು. ಸುಮಾರು ಒಂದು ತಿಂಗಳು ದಿನಾ ಸಗಣಿ ಹುಡುಕಿದ್ರು, ಸಿಗಲಿಲ್ಲ. ಕಡೆಗೆ ಡಾಕ್ಟ್ರು ಮೆಟಲ್ ಡಿಟೆಕ್ಟರ್ ಹಿಡಿದು ನೋಡಿ, ಆಪರೇಶನ್ ಮಾಡಿ ತೆಗೆದ್ರು. 18 ಗ್ರಾಂ ಸಿಕ್ಕಿತು, ಒಂದು ತುಂಡು ಮಾತ್ರ ಇರಲಿಲ್ಲ.

ಸಗಣಿಯಲ್ಲಿ ಯಾಕೆ ಬರಲಿಲ್ಲ? ದನ ಮೇವನ್ನು ನಾಲಿಗೆಯಲ್ಲಿ ಎಳೆದು, ಸರಿಯಾಗಿ ಜಗಿಯದೆ ನುಂಗುವುದು. ಭಾರದ ವಸ್ತು ಎರಡನೇ ಹೊಟ್ಟೆಯಲ್ಲಿ ಕೂರ್ತದೆ. ಅದರ ಒಳಗೋಡೆ ಜೇನುಗೂಡಿನ ಹಾಗೆ ಉಂಟು. ಚಿನ್ನಕ್ಕೆ ತುಕ್ಕಿಲ್ಲ, ಹಾಗಾಗಿ ತಿಜೋರಿಯಲ್ಲಿ ಇಟ್ಟ ಹಾಗೆ ಉಳಿಯಿತು.

ಆದ್ರೆ ಅಲ್ಲಿಗೆ ಮೊಳೆ, ತಂತಿ ಹೋದ್ರೆ? ಆ ಹೊಟ್ಟೆಯ ಎದುರಿಗೇ ಹೃದಯ. ಹೊಟ್ಟೆ ಹಿಂಡಿದ ಹಾಗೆ ತಂತಿ ಮುಂದೆ ಚುಚ್ಚುತ್ತದೆ. ಅಮೆರಿಕದಂಥ ಕಡೆ ಹಸುವಿಗೆ ಅಯಸ್ಕಾಂತವನ್ನೇ ನುಂಗಿಸಿ ಬಿಡ್ತಾರೆ, ಕಬ್ಬಿಣ ಅದಕ್ಕೆ ಅಂಟಿ ಅಲ್ಲೇ ಇರ್ಲಿ ಅಂತ.

ನನ್ನ ಒಂದು ಹಸು ಹೀಗೇ ಹೋಯ್ತು ಮಾರಾಯ್ರೆ. ಮೇವು ಬಿಟ್ಟಿತು, ಬೆನ್ನು ಬಗ್ಗಿಸಿ ನಿಂತಿತು, ಎದೆಯ ಕೆಳಗೆ ಬಾವು ಬಂತು. ಅಜೀರ್ಣ ಅಂತ ನಾನು ಕಷಾಯ ಕುಡಿಸ್ತಾ ಕೂತೆ. ಬೇಲಿ ಕಟ್ಟಿ ಉಳಿದ ತಂತಿಯ ತುಂಡು, ನಾನೇ ಬಿಸಾಡಿದ್ದು.

ನಮ್ಮ ಅಲೆವೂರಿನಲ್ಲಿ ಈಗ ಹಟ್ಟಿಗಳೇ ಕಡಿಮೆ. ಇರುವ ದನಗಳನ್ನಾದ್ರೂ ಉಳಿಸಿಕೊಳ್ಳುವ. ಈ ಸಲ ಗೊಂಡೆಹೂವಿನ ಹಾರ ಬಾಳೆ ನಾರಿನಲ್ಲೇ ಕಟ್ಟಿ. ಬೈಹುಲ್ಲು ಹಾಕುವ ಮೊದಲು ಒಮ್ಮೆ ಕೊಡವಿ ನೋಡಿ.